ಪಿಎಚ್‌ಡಿ ಮುಗದಾತಲ್ಲ, ಇನ್ನೇನ್ ಓದ್ತಿ?

ಪಿಎಚ್‌ಡಿ ಆದಮೇಲೆ ಪೋಸ್ಟ್‌ಡಾಕ್ ಎಂಬ ಕೆಲವು ವರ್ಷದ ಸಂಶೋಧನಾ ಕೆಲಸ ಮಾಡಬೇಕೋ ಬೇಡವೋ ಎಂದು ಫೋನ್ ಮಾಡಿ ಕೇಳುವವರು ನಮ್ಮ ಕಡೆ ಈಗೀಗ ಹೆಚ್ಚಾಗಿದ್ದಾರೆ. ಮೊದಲೆಲ್ಲ ಇದು ಬೆಂಗಳೂರು, ಮೈಸೂರಿನವರ ಚಿಂತೆ. ರಾಯಚೂರಿಗೆ 2008ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂತು, 2010ರಲ್ಲಿ ಬಳ್ಳಾರಿಗೆ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂತು, 2019ರಲ್ಲಿ ರಾಯಚೂರಿಗೇ ಐಐಐಟಿಯೂ ಬಂತು. ಈಗ ಕುಷ್ಟಗಿ, ಮಾನ್ವಿ, ಸಿರುಗುಪ್ಪದ ಮನೆಗಳಲ್ಲೂ ಒಬ್ಬರಲ್ಲ ಒಬ್ಬರು ಹೆಸರಿನ ಹಿಂದೆ ಡಾ. ಹಾಕಿಕೊಂಡು, ಮುಂದೇನು ಎಂದು ತಿಳಿಯದೆ ಕೂತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ನಾನು ಆ ದಾರಿಯಲ್ಲಿ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನಾನು ಸಿಂಧನೂರು ತಾಲ್ಲೂಕಿನವಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಊರು. ಕಾಲುವೆ ಬಂದು ಎರಡು ತಲೆಮಾರು ಕಳೆಯುವಷ್ಟರಲ್ಲಿ ತಗ್ಗಿನ ಹೊಲಗಳು ಸವಳು-ಜವಳಾದವು. ಅಣ್ಣತಮ್ಮಂದಿರು ಪಾಲಾದಾಗ ನಮ್ಮಪ್ಪನಿಗೆ ಬಂದದ್ದು ಅಂಥದ್ದೇ ಒಂದು ತಗ್ಗಿನ ಹೊಲ. ಬೇಸಿಗೆಯಲ್ಲಿ ಬದುವಿನ ಉದ್ದಕ್ಕೂ ಬೆಳ್ಳಗೆ ಉಪ್ಪು ಕಟ್ಟುತ್ತದೆ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ ಮುಗಿಸಿದ ನನಗೆ ಪಿಎಚ್‌ಡಿಗೆ, ಭತ್ತದ ಸಸಿ ಉಪ್ಪನ್ನು ಹೇಗೆ ತಾಳಿಕೊಳ್ಳುತ್ತದೆ ಎಂಬ ವಿಷಯ ಸಿಕ್ಕಿತು. ಸಿಕ್ಕಿತು ಎಂದೇ ಹೇಳಬೇಕು. ಆರಿಸಿದ್ದು ನಮ್ಮ ಗೈಡ್. ತಳಿಗಳ ಪಟ್ಟಿ ಅವರದು, ವಿಧಾನ ಅವರ ಲ್ಯಾಬಿನದು. ದುಡಿಮೆ ಮಾತ್ರ ನನ್ನದು.

ವೈವಾ ಮುಗಿಸಿ ಊರಿಗೆ ಬಂದ ಮರುದಿನ ಮನೆ ತುಂಬ ಜನ, ಒಗ್ಗಾಣಿ, ಮಿರ್ಚಿ, ಚಹಾ. ಕಾಕಾ ಕೇಳಿದ: "ಪಿಎಚ್‌ಡಿ ಮುಗದಾತಲ್ಲವಾ, ಇನ್ನೇನ್ ಓದ್ತಿ?"

"ಓದದಲ್ಲ ಕಾಕಾ. ಪೋಸ್ಟ್‌ಡಾಕ್ ಅಂತ. ಕೆಲ್ಸಾನ ಅದು."

"ಪರ್ಮನೆಂಟ್ ಏನು?"

"ಅಲ್ಲ. ಎರಡ್ ವರ್ಷ."

"ಎರಡ್ ವರ್ಷ ಆದಮ್ಯಾಗ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ಸರಳವಾಗಿ ಈ ಪ್ರಶ್ನೆಯನ್ನು ವಿಶ್ವವಿದ್ಯಾಲಯದಲ್ಲಿ ಯಾರೂ ಕೇಳಿರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಬಹಳ ತಡವಾಗಿ.

ಪೋಸ್ಟ್‌ಡಾಕ್ ಎಂದರೆ ಪುಸ್ತಕದ ಪ್ರಕಾರ ಹೀಗೆ: ಪಿಎಚ್‌ಡಿ ಆದವರು ಸ್ವಂತ ಲ್ಯಾಬ್ ಕಟ್ಟುವ ಮುಂಚೆ ಇನ್ನೊಬ್ಬರ ಲ್ಯಾಬಿನಲ್ಲಿ ಕೆಲವು ವರ್ಷ ಸಂಶೋಧನೆ ಮಾಡುವುದು. ಅಮೆರಿಕದಲ್ಲಿ 1919ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ದುಡ್ಡಿನಲ್ಲಿ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಭೌತಶಾಸ್ತ್ರ, ರಸಾಯನಶಾಸ್ತ್ರದವರಿಗೆ ಫೆಲೋಶಿಪ್ ಕೊಡಲು ಶುರು ಮಾಡಿದ ಮೇಲೆ ಈ ಪದ್ಧತಿ ಬೇರೂರಿತು. ಪಾಠ ಮಾಡುವ ಹೊರೆ ಇಲ್ಲ, ಪರೀಕ್ಷೆ ಇಲ್ಲ, ಡಿಗ್ರಿ ಇಲ್ಲ; ಬುದ್ಧಿ ಚುರುಕಾಗಿರುವ ವಯಸ್ಸಿನಲ್ಲಿ ಕೆಲವು ವರ್ಷ ಬರೀ ಸಂಶೋಧನೆ. ಹರಗೋವಿಂದ ಖೊರಾನಾ ಲಿವರ್‌ಪೂಲಿನಲ್ಲಿ ಪಿಎಚ್‌ಡಿ ಮುಗಿಸಿ ಜ್ಯೂರಿಕ್‌ಗೆ, ಆಮೇಲೆ ಕೇಂಬ್ರಿಜ್‌ಗೆ ಹೋದದ್ದು ಹೀಗೆಯೇ. ನ್ಯೂಕ್ಲಿಯಿಕ್ ಆಮ್ಲಗಳ ನಂಟು ಬೆಳೆದದ್ದು ಕೇಂಬ್ರಿಜ್‌ನಲ್ಲಿ. 1968ರ ನೊಬೆಲ್ ಬಂದದ್ದು ಆ ದಾರಿಯ ಕೆಲಸಕ್ಕೆ. ವೆಂಕಿ ರಾಮಕೃಷ್ಣನ್ ಅವರದು ಇನ್ನೂ ಸೋಜಿಗ. ಪಿಎಚ್‌ಡಿ ಭೌತಶಾಸ್ತ್ರದಲ್ಲಿ, ಜೀವಕೋಶದೊಳಗೆ ಪ್ರೋಟೀನ್ ಕಟ್ಟುವ ರೈಬೋಸೋಮ್ ಕೈಗೆ ಸಿಕ್ಕಿದ್ದು ಯೇಲ್‌ನಲ್ಲಿ ಪೋಸ್ಟ್‌ಡಾಕ್ ಆಗಿದ್ದಾಗ. ಆಮೇಲೆ ಐವತ್ತರ ಹತ್ತಿರ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿಯೂ ಅಧ್ಯಾಪಕ ಹುದ್ದೆ ಸಿಗಲಿಲ್ಲ. 2009ರಲ್ಲಿ ನೊಬೆಲ್ ಬಂದದ್ದು ಅದೇ ರೈಬೋಸೋಮಿಗೆ.

ಇವು ದೊಡ್ಡವರ ಕಥೆಗಳು, ಭಾಷಣಕ್ಕೆ ಚೆಂದ. ನನ್ನ ಶುರುವಾತು ಬೇರೆ ಥರ ಇತ್ತು.

ನಮ್ಮ ದೇಶದಲ್ಲಿ ಪೋಸ್ಟ್‌ಡಾಕ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಪ್ರಾಧ್ಯಾಪಕರಿಗೆ ಮಂಜೂರಾದ ಪ್ರಾಜೆಕ್ಟಿನಲ್ಲಿ ರಿಸರ್ಚ್ ಅಸೋಸಿಯೇಟ್ ಆಗುವುದು. ಎಲ್ಲರೂ ಆರ್‌ಎ ಎನ್ನುವ ಹುದ್ದೆ ಅದು. ದುಡ್ಡು ಪ್ರಾಜೆಕ್ಟಿನದು, ಪ್ರಶ್ನೆಯೂ ಪ್ರಾಜೆಕ್ಟಿನದು. ಅದು ಮುಗಿದ ದಿನ ಇದೂ ಮುಗಿಯಿತು. ಇನ್ನೊಂದು, ನಾವೇ ಪ್ರಸ್ತಾವ ಬರೆದು ನಮ್ಮ ಹೆಸರಿಗೇ ಫೆಲೋಶಿಪ್ ತರುವುದು. ಎರಡಕ್ಕೂ ಅನುಭವ ಪ್ರಮಾಣಪತ್ರದಲ್ಲಿ ಹೆಚ್ಚುಕಡಿಮೆ ಒಂದೇ ಸಾಲು ಬರುತ್ತದೆ. ಒಳಗಿನ ಬದುಕು ಮಾತ್ರ ಬೇರೆಬೇರೆ.

ನಾನು ಮೊದಲು ಸೇರಿದ್ದು ಆರ್‌ಎ ಆಗಿ. ಆ ಸಂಸ್ಥೆಯ ಹೆಸರು ಬೇಡ. ಪ್ರಾಜೆಕ್ಟಿನ ಕಂತು ಬಾರದೆ ಸಂಬಳ ತಿಂಗಳುಗಟ್ಟಲೆ ನಿಲ್ಲುತ್ತಿತ್ತು, ಬಂದಾಗ ಇಡಿಗಂಟು ಬರುತ್ತಿತ್ತು. ಆ ಇಡಿಗಂಟು ಕೈಸಾಲಕ್ಕೇ ಸರಿಹೋಗುತ್ತಿತ್ತು. ನಾನು ಮಾಡುತ್ತಿದ್ದದ್ದು ಏನು? ಹೊಸದಾಗಿ ಬಂದ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಹುಡುಗರಿಗೆ ಪಿಪೆಟ್ ಹಿಡಿಯುವುದರಿಂದ ಪ್ರಬಂಧ ಬರೆಯುವವರೆಗೆ ಕಲಿಸುವುದು, ರಾಸಾಯನಿಕ ತರಿಸಲು ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಬಿಡ್ ಹಾಕುವುದು, ವರ್ಷದ ಕೊನೆಗೆ ಬಂದ ದುಡ್ಡು ಹೇಗೆ ಖರ್ಚಾಯಿತೆಂದು ತೋರಿಸುವ ಯುಟಿಲೈಸೇಶನ್ ಸರ್ಟಿಫಿಕೇಟಿನ ಲೆಕ್ಕ ಹೊಂದಿಸುವುದು, ಸರ್‌ಗೆ ವಿಮರ್ಶೆಗೆ ಬಂದ ಪ್ರಬಂಧಗಳನ್ನು ಓದಿ ಟಿಪ್ಪಣಿ ಬರೆಯುವುದು, ಮುಂದಿನ ಪ್ರಾಜೆಕ್ಟಿನ ಕರಡು ತಿದ್ದುವುದು. ಇದನ್ನೆಲ್ಲ ಕಲಿಯಬೇಕಾದ್ದೇ. ಲ್ಯಾಬ್ ನಡೆಸುವುದು ಎಂದರೆ ಅರ್ಧ ಇದೇ ಎನ್ನುವುದು ಪಿಎಚ್‌ಡಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ರಾತ್ರಿ ರೂಮಿಗೆ ಬಂದು ಇವತ್ತು ನನ್ನದು ಎನ್ನುವಂಥ ಏನು ಮಾಡಿದೆ ಎಂದು ಕೇಳಿಕೊಂಡರೆ ಹೇಳಲು ಒಂದೂ ಇರುತ್ತಿರಲಿಲ್ಲ.

ಸಂಸ್ಥೆಯ ಒಳಗೆ ಪೋಸ್ಟ್‌ಡಾಕ್‌ಗಳ ಸ್ಥಾನ ಮದುವೆಮನೆಗೆ ಬಂದ ದೂರದ ನೆಂಟರದು. ಅಡುಗೆಮನೆಗೂ ಕರೆಯುವುದಿಲ್ಲ, ಮೊದಲ ಪಂಕ್ತಿಯಲ್ಲೂ ಕೂರಿಸುವುದಿಲ್ಲ. ವಿದ್ಯಾರ್ಥಿ ಅಲ್ಲವಲ್ಲ ಎಂದು ಹಾಸ್ಟೆಲ್ ಕೊಡಲಿಲ್ಲ, ನೌಕರರಲ್ಲವಲ್ಲ ಎಂದು ಕ್ವಾರ್ಟರ್ಸ್ ಕೊಡಲಿಲ್ಲ. ಬಾಡಿಗೆ ಮನೆಯ ಯಜಮಾನತಿಗೆ ನನ್ನ ಕೆಲಸ ಏನೆಂದು ಅರ್ಥ ಮಾಡಿಸುವುದಕ್ಕಿಂತ ಟೀಚರ್ ಎಂದು ಹೇಳುವುದೇ ಸುಲಭವಾಗಿತ್ತು.

ಅಲ್ಲಿದ್ದಾಗಲೇ ನ್ಯಾಷನಲ್ ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್‌ಗೆ ಅರ್ಜಿ ಹಾಕಲು ತಯಾರಾದೆ. ಆಗ ಅದನ್ನು ಕೊಡುತ್ತಿದ್ದದ್ದು ಸಂಶೋಧನೆಗೆ ದುಡ್ಡು ಕೊಡುವ ಕೇಂದ್ರದ ಮಂಡಳಿ ಎಸ್‌ಇಆರ್‌ಬಿ. ಈಗ ಆ ಮಂಡಳಿ ಎಎನ್‌ಆರ್‌ಎಫ್ (ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್) ಎಂಬುದರಲ್ಲಿ ಸೇರಿಹೋಗಿದೆ. ನನ್ನ ಕಾಲಕ್ಕೆ ನಿಯಮ ಹೀಗಿತ್ತು: ವಯಸ್ಸು 35ರ ಒಳಗೆ, ಮಹಿಳೆಯರಿಗೂ ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೂ 5 ವರ್ಷ ಸಡಿಲಿಕೆ, ಅವಧಿ 2 ವರ್ಷ, ತಿಂಗಳಿಗೆ 55,000 ರೂಪಾಯಿ, ಅದರ ಮೇಲೆ ವರ್ಷಕ್ಕೆ 2 ಲಕ್ಷ ಸಂಶೋಧನಾ ಖರ್ಚಿಗೆ, ಜೀವಮಾನದಲ್ಲಿ ಒಂದೇ ಸಲ. ಈಗಿನ ಮೊತ್ತ, ಷರತ್ತುಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಬೇಕು. ಯಾವ ಲ್ಯಾಬಿಗೆ ಹೋಗುತ್ತೀರೋ ಅಲ್ಲಿನ ಕಾಯಂ ವಿಜ್ಞಾನಿಯೊಬ್ಬರು ಮೆಂಟರ್ ಆಗಲು ಒಪ್ಪಿ ಸಹಿ ಹಾಕಬೇಕು. ಅರ್ಜಿಯಲ್ಲಿ ಎಲ್ಲಕ್ಕಿಂತ ಕಷ್ಟ ಇದೇ.

ಮೆಂಟರ್ ಹುಡುಕುವಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. "ಗೌರವಾನ್ವಿತ ಸರ್, ನಿಮ್ಮ ಪ್ರತಿಷ್ಠಿತ ಪ್ರಯೋಗಾಲಯದಲ್ಲಿ" ಎಂದು ಶುರುವಾಗುವ ಮೇಲನ್ನು ಸಿಕ್ಕಸಿಕ್ಕವರಿಗೆ ಕಳಿಸಿದೆ. ಉತ್ತರವೇ ಇಲ್ಲ. ಇವತ್ತು ಅಂಥ ಮೇಲ್‌ಗಳು ನನಗೆ ಬಂದಾಗ ಯಾಕೆ ಉತ್ತರ ಬರಲಿಲ್ಲ ಎಂದು ಗೊತ್ತಾಗುತ್ತದೆ. ಆಮೇಲೆ ಹೈದರಾಬಾದಿನ ಒಂದು ಲ್ಯಾಬಿನವರ ಪ್ರಬಂಧವನ್ನು ಕೂತು ಓದಿದೆ. ಸಂಶಯ ಬಂದ ಒಂದು ಜಾಗದ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿದೆ. ಕೆಲಸ ಕೇಳಲೇ ಇಲ್ಲ. ಮರುದಿನ ಉತ್ತರ ಬಂತು, ವಾರದೊಳಗೆ ಫೋನೂ ಬಂತು.

ಆ ಸಂಶಯ ಹುಟ್ಟಿದ್ದು ನಮ್ಮಪ್ಪನ ಮಾತಿನಿಂದ. ಭತ್ತದ ಉಪ್ಪು ತಾಳಿಕೆಯ ಬಗ್ಗೆ ಜಗತ್ತಿನ ತುಂಬ ನಡೆಯುವ ಕೆಲಸದ ದೊಡ್ಡ ಪಾಲು ಸಸಿಯ ಹಂತದ್ದು. ಯೋಶಿದಾ ಪೋಷಕ ದ್ರಾವಣದ ಟ್ರೇಯಲ್ಲಿ ಥರ್ಮೋಕೋಲ್ ತೂತುಗಳಿಗೆ ಸಸಿ ಕೂರಿಸಿ, ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ (ಇಸಿ) ಮೀಟರಿಗೆ 12 ಡೆಸಿಸೀಮೆನ್ಸ್ ಬರುವಷ್ಟು ಉಪ್ಪು ಕಲಸಿ, ಎಲೆ ಎಷ್ಟು ಸುಟ್ಟಿದೆ ನೋಡಿ 1ರಿಂದ 9ರವರೆಗೆ ಅಂಕ ಕೊಡುತ್ತೇವೆ. 1 ಬಂದರೆ ಗಟ್ಟಿ, 9 ಬಂದರೆ ಸತ್ತಂತೆಯೇ. ಕೇರಳದ ಪೊಕ್ಕಾಲಿ ಭತ್ತದಿಂದ ಬಂದ, ಒಂದನೇ ವರ್ಣತಂತುವಿನಲ್ಲಿರುವ ಸಾಲ್ಟಾಲ್ ಎಂಬ ಭಾಗ ಹೆಸರಾದದ್ದು ಈ ಸಸಿ ಹಂತದ ತಾಳಿಕೆಗೆ. ಬೇರಿನಿಂದ ಮೇಲೇರುವ ನೀರಿನೊಳಗಿನ ಸೋಡಿಯಂ ಅನ್ನು ಎಲೆ ಮುಟ್ಟುವ ಮೊದಲೇ ಹಿಂದಕ್ಕೆ ಎಳೆದುಕೊಳ್ಳುವ ಜೀನೊಂದು ಅಲ್ಲಿದೆ. ನನ್ನ ಪಿಎಚ್‌ಡಿಯೂ ಪೂರ್ತಿ ಇದೇ ಟ್ರೇಗಳ ಮೇಲೆ ನಿಂತದ್ದು. ಅದನ್ನು ಅಪ್ಪನಿಗೆ ವಿವರಿಸಿದಾಗ ಆತ ಅಂದದ್ದು: "ಸಸಿಗೇನಾಗೈತವಾ? ಕಾಲ್ವಿ ನೀರು ತುಂಬಿ ಹರಿಯೋ ಮುಂದ ನಾಟಿ ಮಾಡ್ತೀವಿ, ಸಸಿ ಚಂದ ಹಿಡಿತದ. ಎರಡನೇ ಬೆಳಿ ಹೊಡಿ ಒಡಿಯೋ ಹೊತ್ತಿಗೆ ನೀರು ಕಮ್ಮಿ. ತೆನಿ ಬರ್ತದ, ಹಿಚುಕಿದ್ರ ಬರೇ ಜೊಳ್ಳು."

ಸಸಿಯ ತಾಳಿಕೆ ಬೇರೆ, ಹೂವಿನ ಹಂತದ ತಾಳಿಕೆ ಬೇರೆ; ಒಂದಿದ್ದ ತಳಿಯಲ್ಲಿ ಇನ್ನೊಂದು ಇದ್ದೇ ಇರುತ್ತದೆ ಎನ್ನುವಂತಿಲ್ಲ. ಇದು ನಮ್ಮ ಕ್ಷೇತ್ರದಲ್ಲಿ ಗೊತ್ತಿರುವ ಮಾತೇ. ಆದರೂ ಟ್ರೇ ಪ್ರಯೋಗ ಕೆಲವು ವಾರದಲ್ಲಿ ಮುಗಿಯುತ್ತದೆ, ಹೂವಿನ ಹಂತಕ್ಕೆ ಇಡೀ ಬೆಳೆ ಕಾಯಬೇಕು. ಎರಡು-ಮೂರು ವರ್ಷದ ಪ್ರಾಜೆಕ್ಟಿನಲ್ಲಿ ಯಾರಿಗೆ ಅಷ್ಟು ಪುರಸೊತ್ತು? ನಾನು ಹೈದರಾಬಾದಿನವರಿಗೆ ಬರೆದದ್ದು ಇಷ್ಟೇ: ನಿಮ್ಮ ಗಟ್ಟಿ ತಳಿಗಳು ತೆನೆ ಬಿಡುವಾಗ ಏನು ಮಾಡುತ್ತವೆ, ನೋಡಿದ್ದೀರಾ?

ಅವರು ನೋಡಿರಲಿಲ್ಲ. ಪ್ರಸ್ತಾವವನ್ನು ಅದರ ಸುತ್ತಲೇ ಬರೆದೆವು. ಮೊದಲ ಸಲ ತಿರಸ್ಕೃತವಾಯಿತು. ಗುರಿಗಳು ಹೆಚ್ಚಾದವು, ಎರಡು ವರ್ಷದಲ್ಲಿ ಆಗುವುದಿಲ್ಲ ಎಂದು ವಿಮರ್ಶಕರೊಬ್ಬರು ಬರೆದಿದ್ದರು. ಆ ಮಾತು ನ್ಯಾಯವಾದದ್ದೇ ಆಗಿತ್ತು. ಅರ್ಧ ಕಿತ್ತುಹಾಕಿ ಮತ್ತೆ ಕಳಿಸಿದಾಗ ಮಂಜೂರಾಯಿತು.

ಅಲ್ಲಿಗೆ ಸೇರುವ ಮುಂಚೆ ಮೆಂಟರ್ ಹತ್ತಿರ ಒಂದು ಮಾತು ಕೇಳಿದೆ. ಈ ಬರಹವನ್ನು ಓದುತ್ತಿರುವ ಯಾರಾದರೂ ಒಂದೇ ಒಂದನ್ನು ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಲಿ. "ಸರ್, ಎರಡು ವರ್ಷ ಆದಮೇಲೆ ಹೋಗುವಾಗ ಇದರಲ್ಲಿ ನಾನು ಏನನ್ನು ತಗೊಂಡು ಹೋಗಬಹುದು?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇದನ್ನು ಎಲ್ಲರೂ ಹೋಗುವ ದಿನ ಕೇಳುತ್ತಾರೆ, ನೀವು ಬರುವ ದಿನ ಕೇಳುತ್ತಿದ್ದೀರಿ ಎಂದರು. ಆಮೇಲೆ ಬಿಡಿಸಿ ಹೇಳಿದರು. ಜೀನ್ ತಿದ್ದುವ ಕೆಲಸ, ತಳಿಗಳ ಸಂಗ್ರಹ ಲ್ಯಾಬಿನದು. ಹೂವಿನ ಹಂತದ ಪ್ರಶ್ನೆ ನನ್ನದು. ಆ ಪ್ರಬಂಧದಲ್ಲಿ ನಾನೂ ಕರೆಸ್ಪಾಂಡಿಂಗ್ ಆಥರ್, ಅಂದರೆ ಪ್ರಬಂಧದ ಹೊಣೆ ಹೊತ್ತು ಪತ್ರವ್ಯವಹಾರ ಮಾಡುವವಳು. ನಾನು ಹೋದ ಮೇಲೆ ಲ್ಯಾಬಿನಲ್ಲಿ ಅದೇ ಪ್ರಶ್ನೆಯನ್ನು ಬೇರೆಯವರಿಗೆ ಕೊಡುವುದಿಲ್ಲ. ಇಷ್ಟನ್ನೂ ಮೇಲ್‌ನಲ್ಲಿ ಬರೆದು ಕಳಿಸಿದರು. ಎಲ್ಲ ಮೆಂಟರ್‌ಗಳೂ ಹೀಗಿರುವುದಿಲ್ಲ. ಪ್ರಶ್ನೆ ಕೇಳಿದ ತಕ್ಷಣ ಮುಖ ಗಂಟಿಕ್ಕಿದರೆ ಅದೂ ಒಂದು ಉತ್ತರವೇ, ಸೇರುವ ಮುಂಚೆ ಸಿಕ್ಕರೆ ಲಾಭ.

ನನ್ನ ಅನುಭವದಲ್ಲಿ ಪೋಸ್ಟ್‌ಡಾಕ್‌ನ ಉದ್ದೇಶ ಇದೇ. ಹೊಸ ತಂತ್ರ ಕಲಿಯುವುದು, ಪ್ರಬಂಧ ಹೆಚ್ಚಿಸುವುದು, ನಾಲ್ಕು ಜನರ ಪರಿಚಯ, ಎಲ್ಲ ಸರಿ. ಆದರೆ ಹೊರಡುವಾಗ ನಿಮ್ಮದೇ ಎನ್ನುವ ಒಂದು ಪ್ರಶ್ನೆ ಕೈಯಲ್ಲಿ ಇಲ್ಲದಿದ್ದರೆ ಆ ವರ್ಷಗಳಲ್ಲಿ ನೀವು ಬೆಳೆಸಿದ್ದು ಇನ್ನೊಬ್ಬರ ಲ್ಯಾಬನ್ನು. ರಾಯಚೂರು, ಕೊಪ್ಪಳದ ಕಡೆಗೆ ವಾಪಸ್ ಬರುವ ಮನಸ್ಸಿದ್ದವರಿಗೆ ಇನ್ನೂ ಒಂದು ಲೆಕ್ಕ ಇದೆ: ಆ ಪ್ರಶ್ನೆ ಇಲ್ಲಿ ಬದುಕಬೇಕು. ಹೈದರಾಬಾದಿನಲ್ಲಿ ನಾನು ಜೀನ್ ತಿದ್ದುವುದನ್ನೂ ಕಲಿತೆ. ಮೈನಸ್ 80 ಡಿಗ್ರಿಯ ಫ್ರೀಜರ್, ಕರೆಂಟ್ ಹೋದರೆ ತಾನೇ ಶುರುವಾಗುವ ಜನರೇಟರ್, ಬೆಳಿಗ್ಗೆ ಆರ್ಡರ್ ಮಾಡಿದರೆ ಸಂಜೆ ಬರುವ ಪ್ರೈಮರ್ (ಪ್ರಯೋಗಕ್ಕೆ ಬೇಕಾದ ಡಿಎನ್‌ಎಯ ಸಣ್ಣ ತುಣುಕು) ಇದ್ದಲ್ಲಿ ಅದು ನಡೆಯುತ್ತದೆ. ಇಲ್ಲಿಗೆ ಬಂದು ಅದನ್ನೇ ಮಾಡುತ್ತೇನೆ ಎಂದು ಕೂತಿದ್ದರೆ ಇವತ್ತಿಗೂ ಉಪಕರಣದ ಪಟ್ಟಿ ಬರೆಯುತ್ತಲೇ ಇರುತ್ತಿದ್ದೆ. ಹೂವಿನ ಹಂತದ ಪ್ರಯೋಗಕ್ಕೆ ಬೇಕಾದದ್ದು ಕುಂಡ, ಕರಿಮಣ್ಣು, ಇಸಿ ಮೀಟರ್, ಸೋಡಿಯಂ-ಪೊಟ್ಯಾಸಿಯಂ ಅಳೆಯಲು ಒಂದು ಫ್ಲೇಮ್ ಫೋಟೋಮೀಟರ್, ಮತ್ತೆ ಗಟ್ಟಿ ಕಾಳು, ಜೊಳ್ಳು ಬೇರೆ ಮಾಡಿ ಎಣಿಸುವ ತಾಳ್ಮೆ. ಸವಳು ಭೂಮಿಯ ಮೇಲೆ ಬಹಳ ಕಾಲದಿಂದ ಕೆಲಸ ಮಾಡುತ್ತಿರುವ ಕೃಷಿ ಸಂಶೋಧನಾ ಕೇಂದ್ರ ಗಂಗಾವತಿಯಲ್ಲೇ ಇದೆ. ಹೊಲವಂತೂ ಮನೆಯದೇ.

ಎರಡು ವರ್ಷದಲ್ಲಿ ಏನು ಕಂಡಿತು ಎನ್ನುವುದು ಬೇರೆ ಲೇಖನದ ವಿಷಯ. ಟ್ರೇಯಲ್ಲಿ ಒಳ್ಳೆಯ ಅಂಕ ತೆಗೆದ ಒಂದು ತಳಿ ಕುಂಡದಲ್ಲಿ ಹೊಡೆಗೆ ಬಂದಾಗ ಉಪ್ಪು ಕೊಟ್ಟರೆ ಜೊಳ್ಳು ತುಂಬಿಸಿಕೊಂಡಿತು ಎಂದಷ್ಟೇ ಹೇಳುತ್ತೇನೆ. ಜೊಳ್ಳನ್ನು ಕೈಯಲ್ಲಿ ಹಿಡಿದಾಗ ಖುಷಿಪಟ್ಟವಳು ನಮ್ಮ ಮನೆತನದಲ್ಲಿ ನಾನೊಬ್ಬಳೇ ಇರಬೇಕು.

ನನ್ನ ಜೊತೆ ಆ ಲ್ಯಾಬಿನಲ್ಲಿದ್ದವರು ಈಗ ಎಲ್ಲೆಲ್ಲೋ ಇದ್ದಾರೆ. ಒಬ್ಬ ಹೈದರಾಬಾದ್ ಹೊರವಲಯದ ಬೀಜದ ಕಂಪನಿಯಲ್ಲಿ ತಳಿ ಅಭಿವೃದ್ಧಿ ವಿಭಾಗಕ್ಕೆ ಹೋದ, ಸಂಬಳ ನಮಗಿಂತ ಚೆನ್ನಾಗಿದೆ. ಒಬ್ಬಳು ಜರ್ಮನಿಗೆ ಇನ್ನೊಂದು ಪೋಸ್ಟ್‌ಡಾಕ್‌ಗೆ ಹೋದಳು, ಅದು ಮುಗಿದು ಮತ್ತೊಂದು. ಒಬ್ಬರು ಪೇಟೆಂಟ್ ಕೆಲಸ ಹಿಡಿದರು. ಅಧ್ಯಾಪಕರಾದವರು ಕಡಿಮೆ. ಪೋಸ್ಟ್‌ಡಾಕ್ ಎಂದರೆ ಪ್ರೊಫೆಸರ್ ಆಗುವ ಮೆಟ್ಟಿಲು ಎಂದು ಹೇಳುತ್ತಲೇ ಇರುತ್ತಾರೆ. ಹಾಗೆ ಹೇಳುವವರು ಮೆಟ್ಟಿಲು ಹತ್ತಿ ಮೇಲೆ ಕೂತವರು. ಕಂಪನಿಗೇ ಹೋಗುವ ಮನಸ್ಸಿದ್ದವರು ಪಿಎಚ್‌ಡಿ ಆದ ಕೂಡಲೇ ಹೋಗುವುದು ಒಳ್ಳೆಯದು. ಅಲ್ಲಿ ಕಲಿಯುವುದನ್ನು ಅಲ್ಲೇ, ಪೂರ್ತಿ ಸಂಬಳಕ್ಕೆ ಕಲಿಯಬಹುದು. ಇನ್ನು ಕಾಲೇಜಿನಲ್ಲಿ ಪಾಠ ಮಾಡುವುದೇ ಇಷ್ಟ ಎನ್ನುವವರು ಒಂದು ಲೆಕ್ಕ ತಿಳಿದಿರಲಿ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆಯುವ ಅಂಕಪಟ್ಟಿ ಇದೆ. ಅದರಲ್ಲಿ ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವ ಎಂದು ಒಂದೇ ಸಾಲು: ವರ್ಷಕ್ಕೆ 2 ಅಂಕ, ಗರಿಷ್ಠ 10. ದೊಡ್ಡ ಸಂಸ್ಥೆಯೊಂದರಲ್ಲಿ ರಾತ್ರಿಯೆಲ್ಲ ದುಡಿದ ವರ್ಷಕ್ಕೂ ಕಾಲೇಜಿನಲ್ಲಿ ಪಾಠ ಮಾಡಿದ ವರ್ಷಕ್ಕೂ ಅಲ್ಲಿ ಸಿಗುವುದು ಅದೇ 2. ಪಾಠ ಮಾಡುವುದು ಕಡಿಮೆ ಕೆಲಸ ಎಂದು ನಾನು ಹೇಳುತ್ತಿಲ್ಲ. ಬರೀ ಅಂಕಕ್ಕಾಗಿ ಪೋಸ್ಟ್‌ಡಾಕ್‌ಗೆ ಹೋಗಬೇಡಿ ಎನ್ನುತ್ತಿದ್ದೇನೆ.

ಫೆಲೋಶಿಪ್ ಮುಗಿಯಲು ಇನ್ನೂ ಸಾಕಷ್ಟು ಸಮಯ ಇರುವಾಗಲೇ ನಾನು ಅರ್ಜಿ ಹಾಕತೊಡಗಿದ್ದೆ. ನಮ್ಮ ಭಾಗದವರಿಗೆ ಸಂವಿಧಾನದ 371ಜೆ ವಿಧಿ ಇದೆ; ಕಲ್ಯಾಣ ಕರ್ನಾಟಕದ ಸ್ಥಳೀಯ ಮೀಸಲಾತಿ ಇಲ್ಲಿನ ವಿಶ್ವವಿದ್ಯಾಲಯಗಳ ಹುದ್ದೆಗಳಿಗೂ ಅನ್ವಯ. ಅರ್ಹತಾ ಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಲ್ಲಿ ಮೊದಲೇ ಮಾಡಿಸಿಡಿ, ಜಾಹೀರಾತು ಬಂದ ಮೇಲೆ ಓಡಾಡುತ್ತಾ ಕೂರಬೇಡಿ. ಸಂದರ್ಶನದಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ, ಇಲ್ಲಿ ಲ್ಯಾಬ್ ಸೌಲಭ್ಯ ಇಲ್ಲವಲ್ಲ, ಏನು ಮಾಡುತ್ತೀರಿ ಎಂದು. ಕುಂಡ ಮತ್ತು ಕರಿಮಣ್ಣಿನ ಉತ್ತರ ಬಾಯಿಪಾಠವಾಗಿತ್ತು. ಆ ಹುದ್ದೆ ಸಿಕ್ಕಿತು.

ಈಗ ನಾನು ಮೇಜಿನ ಆಚೆ ಬದಿಗೆ ಬಂದಿದ್ದೇನೆ. ಕಳೆದ ಸಲ ಒಂದು ಸಂಶೋಧನಾ ಪ್ರಸ್ತಾವದಲ್ಲಿ ಒಬ್ಬ ಆರ್‌ಎ, ಒಬ್ಬ ಜೆಆರ್‌ಎಫ್ ಕೇಳಿದ್ದೆ. ವಿಮರ್ಶಕರ ಟಿಪ್ಪಣಿ ಬಂತು: ಇಷ್ಟು ಸಣ್ಣ ವಿಭಾಗಕ್ಕೆ ಆರ್‌ಎ ಯಾಕೆ, ಇಬ್ಬರು ಜೆಆರ್‌ಎಫ್ ಸಾಲದೇ? ದುಡ್ಡಿನ ಲೆಕ್ಕದಲ್ಲಿ ಅವರ ಮಾತು ಸರಿ. 2023ರ ಪರಿಷ್ಕರಣೆಯಂತೆ ಜೆಆರ್‌ಎಫ್‌ಗೆ ತಿಂಗಳಿಗೆ 37,000, ಮೊದಲ ಹಂತದ ಆರ್‌ಎಗೆ 58,000, ಮನೆ ಬಾಡಿಗೆ ಭತ್ಯೆ ಬೇರೆ. ನಾನು ಉತ್ತರ ಬರೆದೆ: ವಾರಕ್ಕೆ ಹದಿನಾರು ಗಂಟೆ ಪಾಠ ಮಾಡುವ ನಾನು ಎಲ್ಲ ದಿನ ಹೊಲದಲ್ಲಿ ನಿಲ್ಲಲಾರೆ. ಜೆಆರ್‌ಎಫ್ ಹೇಳಿದ್ದನ್ನು ಮಾಡುತ್ತಾರೆ, ಅವರು ಕಲಿಯಲು ಬಂದವರು. ಬೇಸಿಗೆ ಬೆಳೆಗೆ ಕಾಲುವೆ ನೀರು ಹದಿನೈದು ದಿನ ಮುಂಚೆ ನಿಂತರೆ ಪ್ರಯೋಗವನ್ನು ಹೇಗೆ ಬದಲಿಸಬೇಕೆಂದು ನಿಂತಲ್ಲೇ ತೀರ್ಮಾನ ಮಾಡುವವರು ಬೇಕು. ನನ್ನ ವಾದ ತಪ್ಪು ಎಂದು ನನಗೇ ಹೇಳುವವರು ಬೇಕು. ಎರಡು ವರ್ಷ ಆದಮೇಲೆ ಅವರು ಏನು ತೆಗೆದುಕೊಂಡು ಹೋಗುತ್ತಾರೆ ಎನ್ನುವುದನ್ನೂ ಒಂದು ಪ್ಯಾರಾದಲ್ಲಿ ಸೇರಿಸಿದೆ: ಬೇರಿನ ಸುತ್ತಲಿನ ಮಣ್ಣನ್ನು ಅಭ್ಯಾಸ ಮಾಡುವ ಭಾಗ ಅವರದು.

ಪ್ರಾಜೆಕ್ಟ್ ಮಂಜೂರಾಗಿದೆ. ಆರ್‌ಎ ಹುದ್ದೆ ಕಡಿತವಾಗಿ ಒಬ್ಬ ಜೆಆರ್‌ಎಫ್ ಮಾತ್ರ ಉಳಿದಿದೆ. ಜಾಹೀರಾತು ಈ ತಿಂಗಳು ಹೊರಡುತ್ತದೆ. ಮುಂದಿನ ಪ್ರಸ್ತಾವದಲ್ಲಿ ಆರ್‌ಎ ಹುದ್ದೆಯನ್ನು ಮತ್ತೆ ಕೇಳಿದ್ದೇನೆ.